ಸೊನ್ನೆ ಮುಟ್ಟದ ಹರಳು

ಪೋತ್ನಾಳದ ರಸ್ತೆ ಬದಿಯಲ್ಲಿ ಭತ್ತದ ರಾಶಿಗೆ ಹೊದಿಸಿದ್ದ ಹಳೆಯ ಫ್ಲೆಕ್ಸ್ ಬಿಸಿಲಿಗೆ ಕಾದು ವಾಸನೆ ಬಿಡುತ್ತಿತ್ತು. ಸುಟ್ಟ ರಬ್ಬರೂ ಬಣ್ಣವೂ ಸೇರಿದಂಥ ವಾಸನೆ. ಹಿಂದಿನ ದಿನದ ಅಕಾಲಿಕ ಮಳೆಯ ವರದಿಗಾಗಿ ನಾನು ಅಲ್ಲಿಗೆ ಹೋಗಿದ್ದೆ. ರಾಶಿಯ ಫೋಟೊ ತೆಗೆಯುವಾಗ ಗಾಳಿಗೆ ಫ್ಲೆಕ್ಸಿನ ಒಂದು ಮೂಲೆ ಮಗುಚಿಕೊಂಡಿತು. ಒಳಮೈಯಲ್ಲಿ ಯುವತಿಯೊಬ್ಬಳ ಅರ್ಧ ಮುಖ, ಒಂದು ಕಿವಿಯೋಲೆ ಮತ್ತು ‘ಮಾನ್ವಿಯ ಹೆಮ್ಮೆ’ ಎಂಬ ಎರಡು ಪದ ಕಂಡವು.

ಇದು ಎಲ್ಲಿಂದ ಬಂತು ಎಂದು ರಾಶಿಯ ಪಕ್ಕ ಕೂತವನನ್ನು ಕೇಳಿದೆ.

“ಮಾನ್ವ್ಯಾಗ ಫ್ಲೆಕ್ಸ್ ಅಂಗಡ್ಯಾವ ಹಳೇವು ಕೊಟ್ಟಾನ್ರಿ. ಯಾರ್ದೋ ಏನೋ. ಛಲೋ ದಪ್ಪ ಅದ, ನೀರು ಇಳಿಯಂಗಿಲ್ಲ.”

ಯಾರದೆಂದು ನನಗೆ ಗೊತ್ತಿತ್ತು. ಆ ಫ್ಲೆಕ್ಸ್ ಹುಟ್ಟಲು ಕಾರಣವಾದ ಸುದ್ದಿ ನಾನು ಬರೆದದ್ದು.

ಎರಡು ವರ್ಷದ ಹಿಂದಿನ ಬೇಸಿಗೆ ಅದು. ರಾಯಚೂರಿನಲ್ಲಿ ಒಂದು ದಿನಪತ್ರಿಕೆಗೆ ನಾನು ಇಪ್ಪತ್ತೆರಡು ವರ್ಷಗಳಿಂದ ವರದಿಗಾರ. ಏಪ್ರಿಲ್ ಬಂದರೆ ಇಲ್ಲಿ ಬಿಸಿಲೇ ಸುದ್ದಿ. ಮುಖಕ್ಕೆ ಓಡಣಿ ಸುತ್ತಿಕೊಂಡ ಹುಡುಗಿಯರು, ಮಜ್ಜಿಗೆ ಗಾಡಿ, ಖಾಲಿ ರಸ್ತೆ. ಮೂರನೇ ವಾರಕ್ಕೆ ಡೆಸ್ಕಿನವರೇ ಬೇಸತ್ತು, “ಬಿಸಿಲಿನ ಫೋಟೊ ಸಾಕು ಮಾರಾಯರೆ, ಬೇರೆ ಏನಾದ್ರೂ ಕಳಿಸಿ” ಎಂದರು. ಅದೇ ವಾರ ಮಾನ್ವಿಯಿಂದ ಆಚಾರ್ ಸರ್ ಫೋನ್ ಮಾಡಿದರು. ಅಲ್ಲಿನ ಒಂದು ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತ ನಿವೃತ್ತಿಯ ಅಂಚಿಗೆ ಬಂದಿದ್ದ ಮನುಷ್ಯ. ಮನೆತನಕ್ಕೆ ಮಠದ ಸೇವೆಯ ಹಿನ್ನೆಲೆ, ನಾಲಿಗೆಗೆ ಬಿಡುವಿಲ್ಲ.

“ಬರ್ರಿ, ಬರ್ರಿ, ಒಂದು ಸುದ್ದಿ ಅದ. ನಮ್ಮ ಹುಡುಗಿ ರೀ. ನನ್ನ ಕೈಯಾಗ ಬಿಎಸ್ಸಿ ಓದಿದಾಕಿ. ಈಗ ವಜ್ರದಾಗ ಹರಳು ಒತ್ತಾಕತ್ತಾಳ.”

ಹುಡುಗಿಯ ಹೆಸರು ಸುಜಾತಾ. ದೇವದುರ್ಗದವಳು. ತಂದೆ ಹತ್ತಿ ಮಿಲ್ಲಿನಲ್ಲಿ ಕೂಲಿ ಮಾಡುತ್ತಿದ್ದು ತೀರಿಕೊಂಡಿದ್ದರು. ತಾಯಿ ಭೀಮವ್ವ ಸರಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಾರೆ. ಮನೆಯಲ್ಲಿ ಬುದ್ಧನ ಪಟ, ಪಕ್ಕದಲ್ಲಿ ಬಾಬಾಸಾಹೇಬರ ಪಟ, ಕೆಳಗೆ ಮಗಳ ಪದಕಗಳು. ದೂರದ ಸಂಸ್ಥೆಯೊಂದರಲ್ಲಿ ಪಿಎಚ್‌ಡಿಯ ಕೊನೆಯ ವರ್ಷದಲ್ಲಿದ್ದ ಆಕೆ, ತಾಯಿಯ ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಆದದ್ದರಿಂದ ಆ ಬೇಸಿಗೆ ಊರಿಗೆ ಬಂದಿದ್ದಳು. ಪ್ರಯೋಗ ಮುಗಿದಿತ್ತು. ಉಳಿದದ್ದು ಲೆಕ್ಕಾಚಾರ, ಅದಕ್ಕೆ ಬೇಕಾದದ್ದು ಕಂಪ್ಯೂಟರ್ ಮತ್ತು ಕರೆಂಟ್. ದೇವದುರ್ಗದಲ್ಲಿ ಹಗಲೆಲ್ಲ ಕರೆಂಟ್ ಹೋಗುತ್ತಿತ್ತು. ಮಾನ್ವಿಯ ಕಾಲೇಜಿನಲ್ಲಿ ಜನರೇಟರ್ ಇತ್ತು. ಹಾಗಾಗಿ ವಾರಕ್ಕೆ ಮೂರು ದಿನ ಸಿರವಾರದ ಮೇಲಿಂದ ಬಸ್ಸಿನಲ್ಲಿ ಬಂದು, ತಾನು ಓದಿದ ಹಳೆಯ ಲ್ಯಾಬಿನಲ್ಲಿ ಕೂತು ಕೆಲಸ ಮಾಡುತ್ತಿದ್ದಳು.

ನಾನು ಹೋದಾಗ ಆಕೆ ಊಟದ ಡಬ್ಬಿಯಿಂದ ನೆನೆಸಿದ ಕಡಲೆ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದಳು. ಪಕ್ಕದಲ್ಲಿ ಮುರಿದ ಕಸಬರಿಗೆ ಕಡ್ಡಿಗಳು.

“ತಿನ್ನಾಕಲ್ರೀ ಸರ,” ಎಂದಳು. “ಕಡ್ಲಿ ನೆನಿ ಹಾಕೂದು ನಮ್ಮವ್ವನ ಕೆಲಸ, ಹರಳು ಕಟ್ಟೂದು ನನ್ನ ಕೆಲಸ.”

ನಡುವೆ ಒಂದು ಕಡಲೆ ಇಟ್ಟಳು. ಅದು ನಿಕಲ್ ಲೋಹದ ಪರಮಾಣು. ಮೇಲೆ, ಕೆಳಗೆ ಮತ್ತು ನಾಲ್ಕು ದಿಕ್ಕಿಗೆ ಕಡ್ಡಿ ಚುಚ್ಚಿ, ತುದಿಗೆ ಒಂದೊಂದು ಕಡಲೆ ಸಿಕ್ಕಿಸಿದಳು. ಆ ಆರು ಆಮ್ಲಜನಕ. ಅಂಥದ್ದೇ ಇನ್ನೊಂದನ್ನು ಕಟ್ಟಿ ಮೊದಲಿನದರ ತಲೆಯ ಮೇಲೆ ಕೂರಿಸಿದಳು. ನಡುವಿನ ಒಂದು ಆಮ್ಲಜನಕ ಎರಡೂ ಅಂತಸ್ತಿಗೆ ಕೀಲಿನಂತೆ ನಿಂತಿತು. ಆ ಕೀಲಿನಲ್ಲಿ ಮೇಲಿನದನ್ನು ಬೇಕೆಂದೇ ತುಸು ವಾಲಿಸಿದಳು.

“ಇದು ನಿಕೆಲೇಟ್ ರೀ. ಲ್ಯಾಂಥನಮ್, ನಿಕಲ್, ಆಮ್ಲಜನಕ ಕೂಡಿ ಆದದ್ದು. ಸಾದಾ ಗಾಳಿಯಾಗ ಹಿಂಗ ಸೊಟ್ಟ ಇರ್ತದ. ಭಾಳ ಅಲ್ಲ, ಹನ್ನೆರಡು ಡಿಗ್ರಿಯಷ್ಟು. ಎರಡು ವಜ್ರದ ತುದಿ ನಡುವ ಎಳ್ಳಿಗಿಂತ ಸಣ್ಣ ಚೂರು ಇಟ್ಟು ಒತ್ತತೀವಿ. ನಮ್ಮ ಸುತ್ತಲಿನ ಗಾಳಿ ಒತ್ತಡದ ಲಕ್ಷ ಪಟ್ಟಿಗೂ ಮಿಕ್ಕಿ. ಆವಾಗ ಈ ಸೊಟ್ಟ ನೆಟ್ಟಗಾಗ್ತದ.”

“ಒತ್ತಿದ್ರ ಇನ್ನಷ್ಟು ಬಾಗಬೇಕಲ್ಲವ್ವಾ?”

“ಎಲ್ಲಾರೂ ಹಂಗಾ ಅನ್ಕೋತಾರ್ರಿ. ಹರಳು ಅನ್ಕೊಳ್ಳಂಗಿಲ್ಲ.”

ಆಚಾರ್ ಸರ್ ಜೋರಾಗಿ ನಕ್ಕರು. ನಾನು ಬರೆದುಕೊಂಡೆ. ಒತ್ತಡ ಎಷ್ಟೆಂದು ಅಳೆಯಲು ಚೂರಿನ ಪಕ್ಕದಲ್ಲಿ ಮಾಣಿಕ್ಯದ ಒಂದು ಕಣ ಇಡುತ್ತಾರಂತೆ. ಬೆಳಕು ಬಿಟ್ಟಾಗ ಅದು ಹೊಳೆಯುವ ಬಣ್ಣ ಒತ್ತಡ ಏರಿದಂತೆ ಸರಿಯುತ್ತದೆ. ಒಳಗೆ ಪರಮಾಣುಗಳು ಹೇಗೆ ಕೂತಿವೆ ಎಂದು ನೋಡಲು ವಜ್ರದ ಮೂಲಕವೇ ಎಕ್ಸ್‌ರೇ ಹಾಯಿಸುತ್ತಾರೆ. ಆ ಯಂತ್ರದ ಸರದಿ ಸಿಗುವುದು ವರ್ಷಕ್ಕೆ ಕೆಲವೇ ದಿನ.

ಕೀಲು ನೆಟ್ಟಗಾದಾಗ ಎರಡು ಅಂತಸ್ತಿನ ಎಲೆಕ್ಟ್ರಾನುಗಳಿಗೆ ಒಂದಕ್ಕೊಂದು ನಂಟು ಬಲವಾಗುತ್ತದೆ, ಕಡು ಚಳಿಯಲ್ಲಿ ವಿದ್ಯುತ್ತು ಯಾವ ತಡೆಯೂ ಇಲ್ಲದೆ ಹರಿಯುತ್ತದೆ ಎಂದು ಬೇರೆ ದೇಶದ ಪ್ರಯೋಗಾಲಯಗಳು ಆಗಲೇ ಹೇಳಿದ್ದವು. ಕಡು ಚಳಿ ಎಂದರೆ ದ್ರವ ಸಾರಜನಕದಷ್ಟು. ಇಂಥ ವಸ್ತುಗಳ ಲೋಕದಲ್ಲಿ ಅದು ಬೆಚ್ಚಗೇ ಅಂತೆ. ತಡೆ ಪೂರ್ತಿ ಸೊನ್ನೆಯಾದರೆ ಮಾತ್ರ ಅದಕ್ಕೆ ಅತಿವಾಹಕ ಎಂಬ ಹೆಸರು.

ಸುಜಾತಾ ಕೆಲವು ಹಾಳೆ ಬಿಡಿಸಿದಳು. ಎಕ್ಸ್‌ರೇ ಅಳತೆಯ, ಬೆಟ್ಟದ ಸಾಲಿನಂಥ ಗೆರೆಗಳು. ಒಂದು ಕಡೆ ಜೋಡಿ ಶಿಖರಗಳು, ಒತ್ತಡ ಏರಿದಂತೆ ಹತ್ತಿರ ಬಂದು ಕೊನೆಗೆ ಒಂದೇ ಆಗಿದ್ದವು. ಹರಳು ನೆಟ್ಟಗಾದದ್ದಕ್ಕೆ ಅದೇ ಸಾಕ್ಷಿ. ಒತ್ತಡ ತೆಗೆದ ಮೇಲಿನ ಹಾಳೆಯಲ್ಲಿ ಒಂದು ಮತ್ತೆ ಎರಡಾಗಿತ್ತು. ಆಮೇಲೆ ಆಕೆ ಪೆನ್ಸಿಲಿನ ತುದಿಯನ್ನು ಗೆರೆಯ ಒಂದು ಸಣ್ಣ ಉಬ್ಬಿನ ಮೇಲೆ ಇಟ್ಟಳು. ನಾನಾಗಿದ್ದರೆ ಅದನ್ನು ಗಮನಿಸುತ್ತಲೇ ಇರಲಿಲ್ಲ.

“ಇದು ಇಲ್ಲಿ ಇರಬಾರದಿತ್ತು ಸರ. ಎರಡು ಅಂತಸ್ತಿನ ಹರಳಿನಾಗ ಮೂರು ಅಂತಸ್ತಿಂದು ಎಲ್ಲೋ ನುಸುಳೇದ. ನಾವು ಒತ್ತಿದ ಮಾದರಿ ಸಾಫ್ ಇಲ್ಲ. ಅದಕ್ಕಾ ನಮ್ಮಲ್ಲಿ ತಡೆ ಧಡಕ್ಕನ ಬಿತ್ತು, ಖರೇ, ಆದ್ರ ಸೊನ್ನೆ ಮುಟ್ಟಲಿಲ್ಲ. ಕುಸಿತ ಕಂಡೀವಿ ಅಂತ ಬರೀರಿ. ಸೊನ್ನೆ ಅಂತ ಮಾತ್ರ ಬರೀಬ್ಯಾಡ್ರಿ. ನಮ್ಮ ಪ್ರಬಂಧ ಇನ್ನೂ ಜರ್ನಲ್ಲಿಗೆ ಕಳಿಸಿಲ್ಲ. ಅದರಾಗ ನನ್ನ ಹೆಸರು ಮೊದಲು ಅದ. ಅದು ಬಂದ್ರನಾ ನನ್ನ ಥೀಸಿಸ್ಸು, ಅದು ಬಂದ್ರನಾ ನೌಕರಿ.”

ಪಿಎಚ್‌ಡಿ ಗೈಡ್ ಅವರ ಅನುಮತಿ ಇದೆಯೇ ಎಂದು ಕೇಳಿದೆ. ಮಾದರಿಯ ಅಂಕಿ ಹೇಳದಿದ್ದರೆ, ಏನನ್ನೂ ದೊಡ್ಡದು ಮಾಡದಿದ್ದರೆ, ಊರಿನ ಪತ್ರಿಕೆಗೆ ಮಾತಾಡಬಹುದು ಎಂದು ಅವರು ಹೇಳಿದ್ದಾರೆ ಅಂದಳು. ಅದನ್ನೂ ಬರೆದುಕೊಂಡೆ. ಆ ಟಿಪ್ಪಣಿ ಪುಸ್ತಕ ಈಗಲೂ ನನ್ನ ಹತ್ತಿರ ಇದೆ.

ಸುದ್ದಿಯನ್ನು ಎಚ್ಚರದಿಂದಲೇ ಬರೆದೆ. ರಾಜ್ಯಕ್ಕೆ ಕರೆಂಟ್ ಕೊಡುವ ಜಿಲ್ಲೆಯ ಹುಡುಗಿ ತನ್ನ ಊರಿನಲ್ಲಿ ಕರೆಂಟ್ ಇಲ್ಲದೆ ಬಸ್ ಹತ್ತಿ ಬಂದು, ತಡೆಯಿಲ್ಲದೆ ಹರಿಯುವ ವಿದ್ಯುತ್ತಿನ ಬೆನ್ನು ಹತ್ತಿದ್ದಾಳೆ, ಇದು ಆರಂಭ. ನಡುವೆ ವಜ್ರ, ಮಾಣಿಕ್ಯ, ಕಡಲೆ, ಭೀಮವ್ವ. ಕೊನೆಯ ಎರಡು ಪ್ಯಾರಾದಲ್ಲಿ ಆಕೆಯ ಎಚ್ಚರಿಕೆ: ಮಾದರಿ ಶುದ್ಧವಿಲ್ಲ, ತಡೆ ಸೊನ್ನೆ ಮುಟ್ಟಿಲ್ಲ, ಇದು ಒಂದು ಗುಂಪಿನ ಕೆಲಸ, ಇನ್ನೂ ಪ್ರಕಟವಾಗಿಲ್ಲ. ಕಳಿಸುವ ಮೊದಲು ಫೋನಿನಲ್ಲಿ ಇಡೀ ಸುದ್ದಿಯನ್ನು ಆಕೆಗೆ ಓದಿ ಹೇಳಿದೆ. ನಾನು ಯಾರಿಗೂ ಹಾಗೆ ಓದುವವನಲ್ಲ. ಆಕೆಗೆ ಓದಿದೆ.

ಎಲ್ಲ ಕೇಳಿ ಆಕೆ ಒಂದೇ ಪ್ರಶ್ನೆ ಕೇಳಿದಳು.

“ಸರ, ಆ ಕೊನೀದು ಜರಾ ಮ್ಯಾಲ ಬರಬೇಕಲ್ರೀ? ಮೊದ್ಲಾ ಹೇಳಿಬಿಡೋದು ಛಲೋ ಅಲ್ಲೇನ್ರೀ?”

“ಸುದ್ದಿಗೆ ಒಂದು ಕ್ರಮ ಇರ್ತದವ್ವಾ. ಮುಖ್ಯದ್ದು ಮೊದಲು, ಉಳಿದದ್ದು ಆಮ್ಯಾಲ.”

“ನಮ್ಗ ಅದಾ ಮುಖ್ಯ ರೀ.”

“ಓದೋರಿಗೆ ಅಲ್ಲಲ್ಲವ್ವಾ.”

“ಸುದ್ದ್ಯಾಗ ಅದ ಅಂದ್ರ ಸಾಕ್ರಿ,” ಎಂದಳು.

ಇಲ್ಲಿ ನಮ್ಮ ಕಸುಬಿನ ಒಂದು ಪದ್ಧತಿ ಹೇಳಬೇಕು. ಪುಟದಲ್ಲಿ ಜಾಗ ಕಡಿಮೆಯಾದರೆ ಡೆಸ್ಕಿನವರು ಸುದ್ದಿಯನ್ನು ಕೆಳಗಿನಿಂದ ಕತ್ತರಿಸುತ್ತಾರೆ. ಓದಿ ಆರಿಸಲು ಹೊತ್ತು ಇರುವುದಿಲ್ಲ. ಕೊನೆಯ ಪ್ಯಾರಾ ಬಿದ್ದರೂ ಸುದ್ದಿ ಸಾಯಬಾರದು ಎಂದೇ ನಾವು ಮುಖ್ಯವಾದದ್ದನ್ನು ಮೇಲೆ ಇಡುವುದು. ಬ್ಯೂರೊಗೆ ಬರುವ ಪ್ರತಿ ಹೊಸಬರಿಗೆ ಈ ಪಾಠ ಹೇಳುವವನು ನಾನೇ. ಬಿದ್ದರೆ ನಷ್ಟವಿಲ್ಲ ಅನ್ನಿಸಿದ್ದನ್ನು ಮಾತ್ರ ಕೊನೆಗೆ ಇಡಿ ಎಂದು ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದೆ. ಆಕೆಯ ಎಚ್ಚರಿಕೆಯನ್ನು ನಾನು ಇಟ್ಟದ್ದು ಅದೇ ಜಾಗದಲ್ಲಿ.

ಸಂಜೆ ನಾಯಕರೊಬ್ಬರ ಹುಟ್ಟುಹಬ್ಬದ ಜಾಹೀರಾತು ತಡವಾಗಿ ಬಂತು. ಜಿಲ್ಲಾ ಪುಟದ ಕಾಲುಭಾಗ ಹೋಯಿತು. ಬೆಳಿಗ್ಗೆ ಪತ್ರಿಕೆ ಬಿಡಿಸಿದಾಗ ಸುದ್ದಿ ಭೀಮವ್ವನ ಮಾತಿಗೆ ನಿಂತಿತ್ತು. ಶೀರ್ಷಿಕೆ ನಾನು ಕೊಟ್ಟದ್ದಲ್ಲ: ‘ತಡೆಯೇ ಇಲ್ಲದ ವಿದ್ಯುತ್: ದೇವದುರ್ಗದ ಯುವತಿಯ ಶೋಧ’. ಒಳಗೆ ಎಲ್ಲೂ ಸೊನ್ನೆ ಎಂಬ ಪದ ಇರಲಿಲ್ಲ. ಸೊನ್ನೆ ಮುಟ್ಟಿಲ್ಲ ಎಂದು ಹೇಳುವ ಸಾಲೂ ಇರಲಿಲ್ಲ.

ಡೆಸ್ಕಿಗೆ ಫೋನ್ ಮಾಡಿದೆ. ಪುಟ ಕಟ್ಟಿದವನು ಪಾಪದವನು. “ಕೆಳಗಡೆ ಬರೀ ವಿವರಣೆ ಇತ್ತಲ್ಲ ಸರ್? ನೀವೇ ಹೇಳಿಕೊಟ್ಟಿದ್ದು,” ಎಂದ. ಅವನು ಎರಡು ವರ್ಷ ನನ್ನ ಬ್ಯೂರೊದಲ್ಲಿ ಕೆಲಸ ಕಲಿತವನು.

ಸುಜಾತಾ ಬೆಳಿಗ್ಗೆ ಎಂಟಕ್ಕೇ ಫೋನ್ ಮಾಡಿದಳು. ಬೈಯಲಿಲ್ಲ.

“ಕೊನೀದು ಎಲ್ಲಿ ಹೋತ್ರಿ ಸರ?”

“ಜಾಹೀರಾತು ಬಂತವ್ವಾ.”

“ಹಂಗ್ರೀ,” ಎಂದು ಇಟ್ಟಳು.

ಅಷ್ಟರಲ್ಲಿ ಸುದ್ದಿ ಫೋನಿನಿಂದ ಫೋನಿಗೆ ಹಬ್ಬಿ ಆಗಿತ್ತು. ಮೂರನೇ ದಿನ ಮಾನ್ವಿಯ ಬಸ್ ನಿಲ್ದಾಣದ ಎದುರು ಫ್ಲೆಕ್ಸ್ ನಿಂತಿತು. ಮಾಡಿಸಿದವರು ಆಚಾರ್ ಸರ್ ಮತ್ತು ಹಳೆಯ ವಿದ್ಯಾರ್ಥಿಗಳು. ಹೊಸ ಫ್ಲೆಕ್ಸಿನ ವಾಸನೆ ಇಡೀ ಬೀದಿಗೆ ಬಡಿಯುತ್ತಿತ್ತು. ದೇವದುರ್ಗದವಳು ಮಾನ್ವಿಯ ಹೆಮ್ಮೆ ಹೇಗಾದಳು ಎಂದು ಯಾರೂ ಕೇಳಲಿಲ್ಲ. ಕಾಲೇಜಿನ ಸಭಾಂಗಣದಲ್ಲಿ ಸನ್ಮಾನ. ಊರುಗೋಲು ಹಿಡಿದು ಭೀಮವ್ವನೂ ಬಂದಿದ್ದರು. ಭಾಷಣ ಮಾಡಿದವರೊಬ್ಬರು, ಒತ್ತಡದಲ್ಲಿ ಹರಳು ನೆಟ್ಟಗಾದಂತೆ ಬಡತನದ ಒತ್ತಡದಲ್ಲಿ ಈ ಮಗಳು ನೆಟ್ಟಗಾದಳು ಎಂದರು. ಚಪ್ಪಾಳೆ ಬಿತ್ತು. ನನ್ನ ಮುಂದಿನ ಸಾಲಿನಲ್ಲಿದ್ದ ಸುಜಾತಾ ತಾಯಿಯ ಕಡೆ ಬಾಗಿ ಹೇಳಿದ್ದು ನನಗೆ ಕೇಳಿಸಿತು: “ಬಡತನ ಯಾರನ್ನೂ ನೆಟ್ಟಗ ಮಾಡಂಗಿಲ್ಲ ಬೇ. ಇವ್ರು ಮಾಡಿ ನೋಡ್ಯಾರೇನು?”

ಮಾತಾಡಲು ಕರೆದಾಗ ಆಕೆ ಮೈಕಿನ ಮುಂದೆ ನಿಂತು, ನಮ್ಮ ಮಾದರಿಯಲ್ಲಿ ತಡೆ ಸೊನ್ನೆಯಾಗಿಲ್ಲ, ಪತ್ರಿಕೆಯಲ್ಲಿ ಆ ಭಾಗ ಬಿಟ್ಟುಹೋಗಿದೆ, ಶೋಧ ನನ್ನದಲ್ಲ, ಎಂದು ನೇರವಾಗಿ ಹೇಳಿದಳು. ಸಭೆ ಅದನ್ನು ವಿನಯ ಎಂದುಕೊಂಡು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿತು. ಭೀಮವ್ವ ನನ್ನ ಕಡೆ ತಿರುಗಿ, “ಯಪ್ಪಾ, ನೀ ಬರ್ದಿದ್ದು ಛಲೋ ಆತು,” ಎಂದರು. ನಾನು ಕೈ ಮುಗಿದೆ.

ಐದನೇ ದಿನ ಸಂಸ್ಥೆಯಿಂದ ಗೈಡ್ ಆಕೆಗೆ ಫೋನ್ ಮಾಡಿದರು. ಯಾರೋ ಪತ್ರಿಕೆಯ ಪುಟವನ್ನು ಅನುವಾದ ಮಾಡಿ ಅವರಿಗೆ ಕಳಿಸಿದ್ದರು. ಅವರ ಮಾತನ್ನು ಸುಜಾತಾ ನನಗೆ ಹಾಗೆಯೇ ಹೇಳಿದಳು: ಈ ಕ್ಷೇತ್ರದಲ್ಲಿ ಮೊದಲು ಘೋಷಿಸಿ ಆಮೇಲೆ ನಾಚಿಕೆಪಟ್ಟವರು ಬಹಳ ಮಂದಿ ಇದ್ದಾರೆ, ನನ್ನ ಗುಂಪು ಆ ಸಾಲಿಗೆ ಸೇರುವುದು ನನಗೆ ಬೇಡ. ನೀನು ಹೀಗೆ ಹೇಳಿಲ್ಲ ಅನ್ನುವುದಾದರೆ ಪತ್ರಿಕೆ ಸ್ಪಷ್ಟವಾಗಿ ಬರೆಯಲಿ. ಹದಿನೈದು ದಿನ ಕಾಯುತ್ತೇನೆ. ಇಲ್ಲವಾದರೆ ಪ್ರಬಂಧ ನಿನ್ನ ಹೆಸರಿಲ್ಲದೆ ಹೋಗುತ್ತದೆ.

ಆ ಹದಿನೈದು ದಿನದಲ್ಲಿ ನಾನು ಮಾಡಿದ್ದನ್ನು ಕ್ರಮವಾಗಿ ಹೇಳಬಲ್ಲೆ. ಮೊದಲ ದಿನವೇ ಬಿಟ್ಟುಹೋದ ಎರಡು ಪ್ಯಾರಾಗಳನ್ನು ಸ್ಪಷ್ಟೀಕರಣವಾಗಿ ಕಳಿಸಿದೆ. ಮೂರು ದಿನ ಬರಲಿಲ್ಲ. ಪತ್ರಿಕೆಯ ಹಿರಿಯರನ್ನು ಕೇಳಿದರೆ, “ಸುದ್ದಿಯಲ್ಲಿ ತಪ್ಪು ಎಲ್ಲಿದೆ? ಪೂರ್ತಿ ಬಂದಿಲ್ಲ, ಅಷ್ಟೇ. ಪೂರ್ತಿ ಬರದ ಸುದ್ದಿಗೆಲ್ಲ ತಿದ್ದುಪಡಿ ಹಾಕುತ್ತ ಕೂತರೆ ಪೇಪರ್ ತುಂಬ ಅದೇ ಇರುತ್ತದೆ,” ಎಂದರು. ವಾದ ಸರಿಯೇ ಇತ್ತು. ನಾನು ಅದನ್ನೇ ಬೇರೆಯವರಿಗೆ ಎಷ್ಟೋ ಸಲ ಹೇಳಿದ್ದೇನೆ. ಟಿಪ್ಪಣಿ ಪುಸ್ತಕದ ಪುಟದ ಫೋಟೊ, ನಾನು ಕಳಿಸಿದ ಮೂಲ ಸುದ್ದಿ, ಎರಡನ್ನೂ ಗೈಡ್‌ಗೆ ಕಳಿಸಿದೆ. ಉತ್ತರ ಬರಲಿಲ್ಲ. ಹನ್ನೆರಡನೇ ದಿನ ಒಳಪುಟದಲ್ಲಿ, ಮದುವೆ ಮಂಟಪದ ಜಾಹೀರಾತಿನ ಕೆಳಗೆ, ಎರಡು ಸಾಲು ಬಂತು: ಸದರಿ ವರದಿಯಲ್ಲಿ ಶೋಧ ಎಂದಿರುವುದನ್ನು ಅಧ್ಯಯನ ಎಂದು ಓದಿಕೊಳ್ಳಬೇಕು.

ನನ್ನ ಎರಡು ಪ್ಯಾರಾವನ್ನು ಮತ್ತೆ ಕತ್ತರಿಸಿದ್ದರು. ಈ ಸಲ ಜಾಗಕ್ಕಾಗಿ ಅಲ್ಲ.

ಆ ಎರಡು ಸಾಲು ಗೈಡ್‌ಗೆ ಸಾಕಾಗಲಿಲ್ಲ. ಮಾನ್ವಿಗೆ ಮಾತ್ರ ಸಾಕಾಯಿತು. ಸನ್ಮಾನ ಮಾಡಿದವರಿಗೆ ತಾವು ಮೋಸ ಹೋದಂತೆ ಅನಿಸಿತು. ಚಹಾದ ಅಂಗಡಿಯಲ್ಲಿ ಒಬ್ಬ, ನಾನು ಕೂತಿದ್ದೇನೆ ಎಂದು ಗೊತ್ತಿದ್ದೇ, “ಅವ್ರಿಗೆ ಎಲ್ಲಾ ಪುಕ್ಕಟ ಸಿಕ್ಕು ರೂಢಿ ಆಗೇದ, ಶೋಧನೂ ಪುಕ್ಕಟ ಬೇಕಂತ,” ಎಂದ. ಎದುರಿನವರು ನಕ್ಕರು. ಅವ್ರು ಎಂದರೆ ಯಾರು ಎಂದು ಅಲ್ಲಿ ಯಾರಿಗೂ ವಿವರಿಸಬೇಕಿರಲಿಲ್ಲ. ತಪ್ಪು ನನ್ನದು ಎಂದು ನಾನು ಹೇಳಿದೆ. “ನೀವು ಬಿಡ್ರಿ ಸರ, ದೊಡ್ಡ ಮನಸು,” ಎಂದು ಅವನು ನನ್ನ ಚಹಾಕ್ಕೂ ಹೇಳಿದ.

ಆಚಾರ್ ಸರ್ ಹತ್ತಿರ ಹೋದೆ. ಗೈಡ್‌ಗೆ ಒಂದು ಪತ್ರ ಬರೆಯಿರಿ, ಸಭೆಯಲ್ಲಿ ಆಕೆ ಮೈಕಿನಲ್ಲೇ ನಿಜ ಹೇಳಿದ್ದನ್ನು ನೀವೇ ಕೇಳಿದ್ದೀರಿ ಎಂದೆ. ಅವರು ಕನ್ನಡಕ ಒರೆಸಿಕೊಂಡರು.

“ನಾ ಯಾಕ್ರೀ ನಡುವ? ಆಕಿ ನಮ್ಮ ಕಾಲೇಜಿನಾಕಿ ಅಂತ ಅನ್ನಾಕ ಬರಂಗಿಲ್ಲ. ಬರೇ ಡಿಗ್ರಿ ಓದ್ಯಾಳ. ಮುಂದಿಂದು ಎಲ್ಲಾ ಬ್ಯಾರೆ ಕಡೆ.”

ಆ ವಾರ ಫ್ಲೆಕ್ಸ್ ಇಳಿಯಿತು. ಲ್ಯಾಬಿನ ಬಾಗಿಲಿಗೆ ಪರೀಕ್ಷೆಯ ಹೆಸರಿನಲ್ಲಿ ಬೀಗ ಬಿತ್ತು. ಉಳಿದ ದಿನ ಸುಜಾತಾ ದೇವದುರ್ಗದ ಮನೆಯಲ್ಲೇ, ಕರೆಂಟ್ ಇದ್ದಷ್ಟು ಹೊತ್ತು, ಹಾಳೆಗಳ ಮೇಲೆ ಸ್ಕೇಲ್ ಇಟ್ಟು ಶಿಖರಗಳನ್ನು ಅಳೆದಳು. ಅಳೆದದ್ದನ್ನೆಲ್ಲ ಗೈಡ್‌ಗೆ ಕಳಿಸಿದಳು. ಹೆಸರು ಹೋಗುವುದು ಖಚಿತವಾದ ಮೇಲೂ ಕಳಿಸಿದಳು. ಯಾಕೆ ಎಂದು ಕೇಳಿದ್ದಕ್ಕೆ, “ಆ ಉಬ್ಬು ನಾ ನೋಡದಿದ್ರ ಅವ್ರು ಯಾರೂ ನೋಡಂಗಿಲ್ರೀ. ಸೊನ್ನಿ ಅಂತ ಬರ್ದಾ ಬಿಡ್ತಾರ,” ಎಂದಳು.

ಜೂನ್‌ನಲ್ಲಿ ಮಳೆ ಬಂತು. ನಾನು ಬಿತ್ತನೆಯ ಸುದ್ದಿ ಬರೆಯತೊಡಗಿದೆ. ಆಕೆಯ ಫೆಲೋಶಿಪ್ಪಿನ ಅವಧಿ ಮುಗಿಯಿತು. ಅವಧಿ ಹೆಚ್ಚಿಸಲು ಪ್ರಬಂಧ ಬೇಕಿತ್ತು, ಅದು ಇರಲಿಲ್ಲ.

ಪೋತ್ನಾಳದ ಸುದ್ದಿ ಕಳಿಸಿ ನಾನು ರಾಯಚೂರಿಗೆ ಮರಳಲಿಲ್ಲ. ದೇವದುರ್ಗಕ್ಕೆ ಹೋದೆ. ಎರಡು ವರ್ಷದಲ್ಲಿ ಬೇರೆ ಕೆಲಸಕ್ಕೆ ಎಷ್ಟೋ ಸಲ ಆ ಊರಿಗೆ ಹೋಗಿದ್ದೆ, ಆ ಬೀದಿಗೆ ಹೋಗಿರಲಿಲ್ಲ. ಸುಜಾತಾ ಒಂದು ಪಿಯು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಆಗಷ್ಟೇ ಮನೆಗೆ ಬಂದಿದ್ದಳು, ಬೆರಳಿಗೆ ಸೀಮೆಸುಣ್ಣ ಮೆತ್ತಿತ್ತು. ಭೀಮವ್ವ ನನ್ನನ್ನು ಕಂಡು, “ಪೇಪರ್ ಯಪ್ಪ ಬಂದಾನ ನೋಡು,” ಎಂದು ಒಳಗೆ ಕೂಗಿದರು. ಕೂಡ್ರಿ ಎನ್ನಲಿಲ್ಲ. ನಾನೇ ಕಟ್ಟೆಯ ಮೇಲೆ ಕೂತೆ.

ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತನ್ನು ಹೇಳಿದೆ. ಅವತ್ತು ನೀನು ಮೇಲೆ ಹಾಕಿ ಎಂದದ್ದು ಸರಿ ಇತ್ತು, ಕೆಳಗಿನದು ಬೀಳಬಹುದು ಎಂದು ಗೊತ್ತಿದ್ದೂ ನಾನು ಒಪ್ಪಲಿಲ್ಲ, ಎಂದೆ. ಆಕೆ ಕೇಳಿಸಿಕೊಂಡು ಒಳಗೆ ಹೋಗಿ ಕೆಲವು ಹಾಳೆ ತಂದಳು.

“ಪ್ರಬಂಧ ಹ್ವಾದ ತಿಂಗಳು ಬಂತ್ರಿ. ಓದ್ರಿ.”

ಇಂಗ್ಲಿಷಿನ ಹಾಳೆಗಳು. ಮೇಲೆ ನಾಲ್ಕು ಹೆಸರು, ಆಕೆಯದಿಲ್ಲ. ಮೊದಲ ಪ್ಯಾರಾ ಓದಿದೆ. ಒತ್ತಡದಲ್ಲಿ ಹರಳಿನ ವಾಲಿಕೆ ನೆಟ್ಟಗಾಗುತ್ತದೆ. ತಡೆ ತೀವ್ರವಾಗಿ ಕುಸಿಯುತ್ತದೆ. ಆದರೆ ಸೊನ್ನೆ ಮುಟ್ಟುವುದಿಲ್ಲ, ಕಾರಣ ಮಾದರಿಯಲ್ಲಿ ನುಸುಳಿರುವ ಮೂರು ಅಂತಸ್ತಿನ ಪದರಗಳು. ಆಕೆ ಮಾನ್ವಿಯ ಲ್ಯಾಬಿನಲ್ಲಿ ಹೇಳಿದ ಮಾತೇ, ಎಲ್ಲಕ್ಕಿಂತ ಮೇಲೆ, ಆಕೆ ಬೇಕೆಂದ ಜಾಗದಲ್ಲಿ. ಆ ಸಣ್ಣ ಉಬ್ಬಿನ ಚಿತ್ರವೂ ಇತ್ತು, ಬಾಣದ ಗುರುತಿನೊಂದಿಗೆ.

“ಕೊನೀ ಹಾಳಿ ನೋಡ್ರಿ,” ಎಂದಳು.

ಕೊನೆಯ ಹಾಳೆಯಲ್ಲಿ ಕೃತಜ್ಞತೆ. ಯಂತ್ರ ಕೊಟ್ಟವರು, ದ್ರವ ಸಾರಜನಕ ಕೊಟ್ಟವರು, ವಜ್ರ ಉಜ್ಜಿಕೊಟ್ಟವರು. ಎಲ್ಲರಿಗೂ ಕೆಳಗೆ, ಕೊನೆಯ ಸಾಲಿನಲ್ಲಿ, ಅಳತೆಗೆ ನೆರವಾದ ಸುಜಾತಾ ಅವರಿಗೆ ವಂದನೆ.

ನಾನು ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೂತಿದ್ದೆ. ಆಕೆ ಹಾಳೆಗಳನ್ನು ನನ್ನ ಕೈಯಿಂದ ತೆಗೆದು ಸರಿಯಾಗಿ ಜೋಡಿಸಿದಳು.

“ಕೊನೀದು ಉಳ್ಕೊಂಡದ ನೋಡ್ರಿ ಸರ,” ಎಂದಳು. “ಅವ್ರಲ್ಲಿ ಜಾಹೀರಾತು ಬರಂಗಿಲ್ಲ ಕಾಣ್ತದ.”